ಸೆಣಬು, ಸಾಬೂನು

ನಮ್ಮ ಮೇಸ್ತ್ರಿ ಲುಡ್ವಿಕ್‌ಗೆ ಮೂಗಿಲ್ಲ.
ಅಂದರೆ ಇದೆ, ಮುಖದ ನಡುವೆ, ದೊಡ್ಡದೇ ಇದೆ;
ವಾಸನೆ ಹೋಗಿ ಮಾತ್ರ ನಾಲ್ಕು ವರ್ಷ.
ಗ್ಯಾಸಿನ ಕೊಳವೆ ಕೂಡಿಸುವವನಿಗೆ ಹೀಗಾದರೆ ಹೇಗೆ ಅಂದರೆ
"ಮೂಗು ನಂಬಿದವರ ಮನೆ ನೋಡಿದ್ದೇನೆ," ಅನ್ನುತ್ತಾನೆ,
"ಗೋಡೆ ಇರಲಿಲ್ಲ."

ವೂಚ್ ಪಟ್ಟಣ, ಜನವರಿ. ಗಿರಣಿಯವರ ಕೆಂಪಿಟ್ಟಿಗೆ ವಠಾರ,
ಮೂರನೆಯ ಮಹಡಿ. ಗೆನೊವೇಫಾ ಅಜ್ಜಿ
ಕಿಟಕಿಗಳನ್ನೆಲ್ಲ ತೆರೆದಿಟ್ಟು, ಮೀಟರಿನ ಕೀಲಿ ಅಡ್ಡಕ್ಕೆ ತಿರುಗಿಸಿ,
ಕೋಟು ಹೊದ್ದು ಮೆಟ್ಟಿಲ ಮೇಲೆ ಕೂತಿದ್ದಾಳೆ, ಮಡಿಲಲ್ಲಿ ಬೆಕ್ಕು.
"ಕೊಳೆತ ಮೊಟ್ಟೆ," ಅಂದಳು. "ಬೆಳಗಿನಿಂದ."
ಕರೆಗಂಟೆ ಒತ್ತಲಿಲ್ಲ ನಾವು. ದೀಪ ಹಾಕಲಿಲ್ಲ.

ಒಲೆಯ ಹಿಂದೆ ಅಳಿಯನ ಕೈಕೆಲಸ:
ನೀರಿನ ನಲ್ಲಿಗೆ ಸುತ್ತುವ ತೆಳು ಬಿಳಿ ಟೇಪು,
ಅದೂ ತಿರುವಿಗೆ ಎದುರಾಗಿ, ತುದಿ ಕೊಳವೆಯ ಬಾಯೊಳಗೆ ಜೋತು.
ಬಿಗಿದಿದ್ದಾನೆ; ಹಿಡಿ ನೇರ ಕೂರಲಿಲ್ಲವೆಂದು
ಕಾಲು ಸುತ್ತು ಹಿಂದಕ್ಕೆ ಬಿಟ್ಟಿದ್ದಾನೆ.
ಲುಡ್ವಿಕ್ ಅದನ್ನು ಎರಡು ಬೆರಳಲ್ಲಿ ಎತ್ತಿದ,
ಸತ್ತ ಇಲಿಯ ಬಾಲದ ಹಾಗೆ.
"ಮುಂದೆ ಹೋದದ್ದು ಹಿಂದೆ ಬರಕೂಡದು.
ಬಂದರೆ ಬಿಚ್ಚು, ಉಜ್ಜು, ಮೊದಲಿಂದ ಮಾಡು."
ಹೇಳಿದ್ದು ನನಗೆ. ಅಳಿಯ ಆಗ
ಲಾರಿಯಲ್ಲಿ ಜರ್ಮನಿಯ ಯಾವುದೋ ದಾರಿಯಲ್ಲಿದ್ದ.

ತಂತಿ ಬ್ರಷ್ಷಲ್ಲಿ ಹಳೆಯದನ್ನೆಲ್ಲ ತಿಕ್ಕಿದೆ,
ನಾರು ಜಾರದಿರಲೆಂದು ಗರಗಸದ ಅಲಗಿಂದ
ತಿರುಪಿನ ಗೀರುಗಳನ್ನು ಒರಟು ಮಾಡಿದೆ.
ಕಟ್ಟಿನಿಂದ ಒಂದೆಳೆ ಸೆಣಬು. ಎಷ್ಟು ದಪ್ಪ?
ಯಾವ ಪುಸ್ತಕವೂ ಹೇಳದು. ಸುತ್ತತೊಡಗಿದೆ.
ಬಾಗಿಲಿಂದ ಅಜ್ಜಿ: "ಅಯ್ಯೋ ಹುಡುಗಿ,
ಹುರಿಯ ದಿಕ್ಕು ಗೊತ್ತಿಲ್ಲವೇ ನಿನಗೆ?"

ಮೂವತ್ತೊಂದು ವರ್ಷ ನೂಲುವ ಯಂತ್ರದೆದುರು ನಿಂತವಳು.
ಕಿವಿ ಅರ್ಧ ಅಲ್ಲೇ ಉಳಿಯಿತು. ಬೆರಳು ಜೊತೆಗೆ ಬಂದವು.
ಬೆಕ್ಕನ್ನು ಕೆಳಗಿಟ್ಟು, ನನ್ನ ಕೈಯ ಎಳೆ ಕಸಿದು,
ಬಾಚಿ, ಮೋಟು ನಾರು ಉದುರಿಸಿ,
ತಿರುಪು ಹೋಗುವತ್ತಲೇ, ಬಲಕ್ಕೆ,
ಗೀರು ಗೀರಿಗೂ ಕೂರುವಂತೆ ಸುತ್ತಿದಳು.
ತುದಿಯ ಮೊದಲ ಗೀರು ಬರಿದೇ ಬಿಡೆಂದು
ಯಾರೂ ಹೇಳಲಿಲ್ಲ. ಬಿಟ್ಟಳು.
"ಒಳಗೆ ನಾರು ಹೋದರೆ ಕೆಮ್ಮು," ಅಂದಳು,
ಗಿರಣಿಯಲ್ಲಿ ಹಾಗೆ ಹೋದವರ ಹೆಸರು ಮೂರು ಹೇಳಿದಳು.

ಪೇಸ್ಟು ಸವರಿ ಬಿಗಿದೆ. ಕೈಯಲ್ಲಿ ಆದಷ್ಟು,
ರೆಂಚಿನಲ್ಲಿ ಎರಡು ಸುತ್ತು, ಹಿಡಿ ನೇರವಾದಲ್ಲಿ ನಿಂತೆ.
ಒಲೆಯ ಬಳುಕು ನಳಿಗೆಗೂ ಅವಳು ನಾರು ಬಾಚುತ್ತಿದ್ದಳು.
ಮೇಸ್ತ್ರಿ ತಡೆದ: "ಅದು ನೂಲು ಕೇಳುವುದಿಲ್ಲ, ತಾಯಿ.
ರಬ್ಬರ್ ಬಿಲ್ಲೆಯ ಮೇಲೆ ಮುಖ ಒತ್ತಿ ನಿಲ್ಲುತ್ತದೆ.
ಬೇರೇನು ನಡುವೆ ತುರುಕಿದರೂ ಜಗಳ."

ಪಂಪಿನಿಂದ ಗಾಳಿ ತುಂಬಿ ಕೂತೆವು, ಅರ್ಧ ಗಂಟೆ.
ಚಹಾ ಕಾಯಿಸುವಂತಿಲ್ಲ. ಬೆಕ್ಕು ಮುಳ್ಳನ್ನು ನೋಡಿತು,
ಮುಳ್ಳು ಇಳಿಯಿತು. ಕೂದಲೆಳೆಯಷ್ಟು.
ನನ್ನೆದೆಯೂ.

ಸಾಬೂನು ನೊರೆ ಸವರಿದೆವು. ಅಜ್ಜಿಯ ಗಂಟು ಸುಮ್ಮನಿತ್ತು.
ಮೇಲೆ, ಗೋಡೆಯ ಮೂಲೆಯಲ್ಲಿ, ಹಸಿರು ಬಣ್ಣ ಬಳಿದ
ಕೊಳವೆಯ ಮೊಣಕೈಯಲ್ಲಿ ಒಂದು ಗುಳ್ಳೆ,
ಸಾಸಿವೆಯಷ್ಟು, ಆಮೇಲೆ ಬಟಾಣಿ,
ಆಮೇಲೆ ಅದರೊಳಗೆ ಕಿಟಕಿ, ಹಿಮ, ನಮ್ಮ ಮೂರು ತಲೆ.

"ಯಾವ ದರಿದ್ರದವನ ಕೆಲಸ?" ಅಂದೆ.
ಲುಡ್ವಿಕ್ ಉಗುರಿಂದ ಬಣ್ಣ ಕೆರೆದ.
ಕೆಳಗೆ ಉಳಿಯಲ್ಲಿ ಕೊರೆದ ಸಣ್ಣ ಕಾಗೆ:
ಅವನ ಪೆಟ್ಟಿಗೆಯ ಮೇಲಿದೆಯಲ್ಲ, ಅದೇ ಕಾಗೆ.
ಮಾತಿಲ್ಲ. ರೆಂಚಿಗೆ ಕೈ ಚಾಚಿದ. ಕೊಟ್ಟೆ.
ಬಿಚ್ಚಿ ತೆಗೆದ ಹಳೇ ನಾರನ್ನು ನನ್ನ ಮೂಗಿಗೆ ಹಿಡಿದು
"ಹೇಗಿದೆ?" ಅಂದ.
"ಒಣಗಿದೆ," ಅಂದೆ. ಅದು ಉತ್ತರವಲ್ಲ.

ಸಂಜೆ ಮುಳ್ಳು ನಿಂತಿತು, ಮೊಳೆ ಹೊಡೆದ ಹಾಗೆ.
ಗ್ಯಾಸು ಬಂತು. ನೀಲಿ ಬಂತು. ಕೋಸಿನ ಸಾರು ಕುದಿಯಿತು,
ವಠಾರಕ್ಕೆಲ್ಲ ಗೊತ್ತಾಗುವಷ್ಟು.
ಅವನು ಮಾತ್ರ ಕುರ್ಚಿ ಹತ್ತಿ
ಮೊಣಕೈಗೆ ಮತ್ತೊಮ್ಮೆ ನೊರೆ ಬಳಿದು,
ಟಾರ್ಚು ಹಿಡಿದು, ಅದು ಒಣಗುವವರೆಗೂ ನೋಡುತ್ತಿದ್ದ.