ಸುಣ್ಣದ ಗೆರೆ

ಎಂಟು ಗುಂಟೆ, ಹದಿನಾಲ್ಕು ಮನೆ.
ಕಾಗದದ ಮೇಲೆ ತೋರಿಸಿದರೆ ತಲೆಯಾಡಿಸುತ್ತಾರೆ, ಅಷ್ಟೆ.
ಅದಕ್ಕೇ ಭಾನುವಾರ ಎರಡು ಮೂಟೆ ಸುಣ್ಣದ ಪುಡಿ ತಂದು
ಆನೇಕಲ್ಲಿನಾಚೆ, ಮುತ್ತುಗದಹಳ್ಳಿಯ ಹಳೇ ಕಣದಲ್ಲಿ
ಮನೆಗಳನ್ನು ಮನೆಗಳಷ್ಟೇ ದೊಡ್ಡದಾಗಿ ಬರೆದೆ.
ಒಳಗೆ ಬನ್ನಿ ಅಂದೆ.
ಬಂದರು. ಬಾಗಿಲು ಬಿಟ್ಟ ಕಡೆಯಿಂದಲೇ ಬಂದರು,
ಒಬ್ಬರೂ ಗೋಡೆ ದಾಟಲಿಲ್ಲ.
ಸಲೀಮಾಬಿ ಚಪ್ಪಲಿ ಹೊರಗೆ ಬಿಟ್ಟಳು.

ನಾನು ಹುಟ್ಟಿದ್ದು ಕಾಟನ್‌ಪೇಟೆಯ ವಠಾರದಲ್ಲಿ.
ಒಂದು ನಲ್ಲಿ, ಹನ್ನೊಂದು ಮನೆ,
ಕೊಡ ಸಾಲಿಟ್ಟ ಕ್ರಮದಲ್ಲೇ ಜಗಳದ ಸರದಿ.
ಹಂಚಿಕೊಂಡು ಬಾಳುವುದರ ಬಗ್ಗೆ ಸಭೆಗಳಲ್ಲಿ
ಚೆಂದ ಮಾತಾಡುವವರಿಗೆ ಗೊತ್ತಿಲ್ಲ,
ಆ ನಲ್ಲಿಯ ವಾಷರಿನ ಎರಡು ರೂಪಾಯಿಗೆ
ನಾವೆಲ್ಲ ಒಂಬತ್ತು ದಿನ ಮಾತು ಬಿಟ್ಟಿದ್ದು.
ಇಲ್ಲಿ ಅಂಗಳ ಒಂದು, ಬೋರ್‌ವೆಲ್ ಒಂದು,
ನಲ್ಲಿ ಹದಿನಾಲ್ಕು.

ಹುಲಿಗೆಮ್ಮ ಕೊಪ್ಪಳದ ಕಡೆಯವಳು,
ಬೊಮ್ಮಸಂದ್ರದಲ್ಲಿ ರಾತ್ರಿ ಪಾಳಿ.
ಸೆರಗು ಹಾಸಿ ಮಣ್ಣಲ್ಲೇ ಮಲಗಿ ನೋಡಿದಳು.
"ಹಗಲು ಮಲಗಾಕಿ ನಾ. ಬಿಸಿಲು ಕಣ್ಣಾಗ ಬೀಳ್ತೈತ್ರಿ,
ಕಿಟಕಿ ಆ ಕಡಿ ಸರಸ್ರಿ."
ಕಾಲಲ್ಲಿ ಉಜ್ಜಿ, ಬಡಗಣಕ್ಕೆ ಬರೆದೆ.

ಮುನಿಲಕ್ಷ್ಮಮ್ಮನದು ಗೋಡೆಯ ತಕರಾರು.
"ಕೆಮ್ಮಿದ್ರೆ ಪಕ್ಕದ್ಮನೆಗೆ ಕೇಳ್ಬೇಕು,
ಬೈದ್ರೆ ಕೇಳ್ಬಾರ್ದು.
ಅಂಥ ಗೋಡೆ ಎಷ್ಟು ದಪ್ಪ?"
ಎರಡು ಮನೆ ಒಂದೇ ಗೋಡೆಗೆ ಬೆನ್ನು ಕೊಟ್ಟರೆ
ತಲಾ ಹದಿನೆಂಟು ಸಾವಿರ ಉಳಿತಾಯ.
ನನಗೆ ಗೊತ್ತಿದ್ದದ್ದು ಅಷ್ಟೇ.
ಆರಿಂಚು ಎಂದು ಇಂಕಿನಲ್ಲಿ ಬರೆದು
ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಅವಳ ಪ್ರಶ್ನೆ.

ಚೀಟಿಯಲ್ಲಿ ಮೇಲ್ಮನೆ ಬಂದ ಪಿಳ್ಳಪ್ಪ ಮಾತ್ರ
ಮೆಟ್ಟಿಲ ತಿರುವಿನಲ್ಲೇ ನಿಂತಿದ್ದ.
ಮಂಚ ತಿರುಗುತ್ತೆ ತಾತ, ಬೀರುವೂ ತಿರುಗುತ್ತೆ,
ಲೆಕ್ಕ ಹಾಕಿದ್ದೀನಿ ಅಂದೆ.
"ಚಟ್ಟ?"

ಯಾರೋ ಹೋಗಿ ಬಿದಿರೇಣಿ ತಂದರು.
ತಾನೇ ಅದರ ಮೇಲೆ ಅಂಗಾತ ಮಲಗಿ ಕೈ ಜೋಡಿಸಿಕೊಂಡ.
ನಾಲ್ಕು ಹುಡುಗರು ಎತ್ತಿದರು.
"ನಗಬೇಡ್ರೋ, ಅಳ್ಳಾಡ್ತದೆ."
ಇಲ್ಲದ ಮೆಟ್ಟಿಲಿಳಿದು,
ಇಲ್ಲದ ಗೋಡೆಗೆ ಮೊಣಕೈ ತಾಗದ ಹಾಗೆ
ನಡೆದವರು ತಿರುವಿನಲ್ಲಿ ಸಿಕ್ಕಿಬಿದ್ದರು.
ಏಣಿಯ ತುದಿ ಗೆರೆಯಾಚೆ ಎಂಟಿಂಚು.

ಎಂಟಿಂಚು ಯಾರ ಮನೆಯಿಂದ?
ಒಬ್ಬರ ಮುಖ ಒಬ್ಬರು ನೋಡಿಕೊಂಡರು.
ನನಗೆ ನಲ್ಲಿ ನೆನಪಾಯಿತು.

ಸಲೀಮಾಬಿ ತನ್ನ ಅಡುಗೆಮನೆಯ ಗೆರೆಯನ್ನು
ಬರಿಗಾಲಲ್ಲಿ ಅಳಿಸಿ
ಒಂದು ಗೇಣು ಹಿಂದೆ ಸರಿದು ನಿಂತಳು.
"ಪುಕ್ಕಟೆ ಅಲ್ಲ," ಅಂದಳು,
"ಮೆಟ್ಟಿಲ ಕೆಳಗಿನ ಜಾಗ ನಂದು. ಸಿಲಿಂಡರ್ ಇಡ್ತೀನಿ."
ಮುನಿಲಕ್ಷ್ಮಮ್ಮ ಬಾಯಿ ತೆರೆದಳು,
ಏಣಿ ನೋಡಿ ಮುಚ್ಚಿದಳು.

ಹುಡುಗರ ಹೆಗಲು ಸೋತಿತ್ತು.
ಪಿಳ್ಳಪ್ಪ ಮಲಗಿಯೇ ಇದ್ದ,
ಬೆನ್ನಿಗೆಲ್ಲ ಸುಣ್ಣ, ಕಣ್ಣು ಹುಣಸೆಮರದ ಮೇಲೆ.
"ಇನ್ನೊಂದ್ಸಲ ತಿರುಗಿಸ್ರೋ," ಅಂದ.