ಸೊನ್ನೆಯ ತುದಿ

ಹಳದಿ ಬಟ್ಟೆಯ ಅಳತೆಪಟ್ಟಿ, ಐವತ್ತು ಮೀಟರಿನದು.
ಅದರ ಒಂದು ತುದಿ ಯಾವಾಗಲೂ ನನ್ನ ಕೈಯಲ್ಲಿ.
'ಸೊನ್ನೆ ನಿನ್ನ ಜವಾಬ್ದಾರಿ, ಮಾಲ್ತೆ.
ಸೊನ್ನೆ ಅಲುಗಿದರೆ ಊರೇ ಅಲುಗೀತು'
ಅನ್ನುತ್ತ ಎಬ್ಬೆ ಅಜ್ಜ ಪಟ್ಟಿ ಬಿಚ್ಚಿಕೊಂಡು
ಕಡಲಮಂಜಿನೊಳಕ್ಕೆ ಹಿಂದು ಹಿಂದಕ್ಕೆ ನಡೆಯುತ್ತಿದ್ದ.
ನನಗಾಗ ಆರು. ಕೈಗವಸಿನೊಳಗೆ ಬೆರಳು ಮರಗಟ್ಟಿದರೂ
ಬಿಟ್ಟವನಲ್ಲ.

ಡ್ಯಾನಿಶ್‌ನಲ್ಲಿ ಅವನು ನನಗೆ ಮೊರ್‌ಫಾರ್,
ಅಮ್ಮ, ಅಪ್ಪ, ಎರಡು ಪದ ಒತ್ತಿ ಅಂಟಿಸಿದ ನಂಟು.
ಆರ್‌ಹುಸ್ ನಗರಸಭೆಗೆ ಮಾತ್ರ ಬರೀ ಜಗಳಗಂಟ:
ನಕ್ಷೆ ಹರಡಿ, ಮೇಜು ಗುದ್ದಿ,
ಬಂದರಿನ ಹಿಂದೆ ಹತ್ತೊಂಬತ್ತು ಲಿಂಡೆನ್ ಮರ ಕೇಳಿದವನು.
ಸೋತವನು.
ಅಲ್ಲೀಗ ಕಾರು ನಿಲ್ಲುತ್ತವೆ.
ಭಾನುವಾರ ನನ್ನನ್ನೂ ತಂಗಿ ಸಿಗ್ನೆಯನ್ನೂ
ಆ ಕಾರುಗಳ ನಡುವೆ ನಿಲ್ಲಿಸಿ
ಇಲ್ಲದ ಮರ ಎಣಿಸಲು ಹೇಳುತ್ತಿದ್ದ.
ಸಿಗ್ನೆ ಪ್ರತಿ ಸಲವೂ ಇಪ್ಪತ್ತು ಎಣಿಸುತ್ತಿದ್ದಳು.
'ನೋಡು, ಒಂದು ಹೆಚ್ಚಿಗೆ ನೆಟ್ಟಳು ಹುಡುಗಿ!'
ಅವಳಿಗೆ ಎರಡು ಐಸ್‌ಕ್ರೀಮು, ಸರಿಯಾಗಿ ಎಣಿಸಿದ ನನಗೆ ಒಂದು.
ಆ ಸಿಟ್ಟು ಇನ್ನೂ ಆರಿಲ್ಲ.

ಪಕ್ಕದ ಮನೆಯವರು ಗುಲಾಬಿಗೆ ಹತ್ತಿದ ಹುಳ ತೋರಿಸಿದರೆ
ಕೈ ಚೆಲ್ಲುತ್ತಿದ್ದ: 'ಗಿಡ ನನಗೆ ಗೊತ್ತಿಲ್ಲಮ್ಮ,
ನಾನು ಗಿಡ-ಗಿಡದ ನಡುವಿನ ಜಾಗ ಮಾಡುವವನು.'
ನಿಜವೇ. ಅವನ ಬಾಲ್ಕನಿಯ ಒಂದೇ ಕುಂಡದಲ್ಲಿ
ಒಣಗಿದ ಕಡ್ಡಿ, ಅದಕ್ಕೊರಗಿದ ಛತ್ರಿ.

ಆಸ್ಪತ್ರೆಯ ಒಳಂಗಳದ ಬೆಂಚನ್ನು
ಹೂವಿನ ಕಡೆಗಲ್ಲ, ಅಡುಗೆಮನೆಯ ಹಿಂಬಾಗಿಲ ಕಡೆಗೆ ತಿರುಗಿಸಿದ.
ಕೇಳಿದವರಿಗೆ ಅಂದ:
'ಒಳಗೆ ಗಂಡನಿಗೆ ಕುಯ್ಯುತ್ತಿರುವಾಗ
ಹೊರಗೆ ಕೂತವಳಿಗೆ ಗುಲಾಬಿ ಯಾಕೆ?
ಆಲೂಗಡ್ಡೆ ಮೂಟೆ ಹೊತ್ತು ತರುವವನು ಕಾಣಲಿ.
ನಾಳೆಯೂ ಸೂಪು ಉಂಟು ಅನಿಸಲಿ.'

ನಕ್ಷೆಯಲ್ಲಿ ಮರಗಳೆಲ್ಲ ದುಂಡಗೆ.
'ಯಾಕಜ್ಜ?'
'ಹಕ್ಕಿಗೆ ಹಾಗೇ ಕಾಣೋದು.'
'ಇಷ್ಟು ದೊಡ್ಡದಾ? ಮೇಪಲ್ ಗಿಡ ನನ್ನ ಹೆಗಲಿಗೂ ಬರಲ್ಲ!'
ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿ ಅಂದ:
'ಇದು ನಲವತ್ತು ವರ್ಷದ ಮೇಲಿನ ಮರ ಕಣೋ.
ಆಗ ನಾನಿರಲ್ಲ. ಅದಕ್ಕೇ
ಈಗಲೇ ನೋಡಿಬಿಡುತ್ತೇನೆ.'

ಕೊನೆಯ ಬೇಸಿಗೆ ಅದೇ ಆಸ್ಪತ್ರೆ, ಮೂರನೆಯ ಮಹಡಿ.
ನನ್ನ ಹೆಸರು ಹೋಗಿತ್ತು, ಸಿಗ್ನೆಯದೂ.
ಅಮ್ಮನನ್ನು ನರ್ಸ್ ಎಂದು ಕರೆದು
ತುಂಬ ಮರ್ಯಾದೆಯಿಂದ ನೀರು ಕೇಳಿದ.
ಗಾಲಿಕುರ್ಚಿಯನ್ನು ಕಿಟಕಿಗೆ ತಳ್ಳಿದೆ.
ಕೆಳಗೆ ಅಂಗಳ; ಮರಗಳು ದುಂಡಗೆ,
ಹಸಿರು, ಒಂದಕ್ಕೊಂದು ತಾಗಿಯೂ ತಾಗದೆ.
ತುಂಬ ಹೊತ್ತು ನೋಡಿದ.
'ಯಾರದಪ್ಪ ಈ ನಕ್ಷೆ? ಪರವಾಗಿಲ್ಲ, ತಿಳಿದವನು.'
ಮತ್ತೆ, ಹುಬ್ಬು ಗಂಟಿಕ್ಕಿ:
'ಬೆಂಚು ಮಾತ್ರ ತಪ್ಪು ಕಡೆಗಿದೆ.'

ಮಣ್ಣು ಮಾಡಿದ ಮರುವರ್ಷ, ಜೂನ್,
ಹಳೆಯ ನಕ್ಷೆಯೂ ಹಳದಿ ಪಟ್ಟಿಯೂ ಹಿಡಿದು ಹೋದೆ.
ಮಳೆ ಆಗಷ್ಟೇ ನಿಂತಿತ್ತು.
ಮೇಪಲ್ಲಿನ ಕೆಳಗೆ ನೆಲ ಒಣಗಿಯೇ ಇತ್ತು,
ಎಲ್ಲಿಂದ ಎಲ್ಲಿಗೆ ಅಳೆಯಬೇಕೆಂದು ಮರವೇ ಗೆರೆ ಹಾಕಿತ್ತು.
ಆದರೆ ಸೊನ್ನೆ ಹಿಡಿಯುವವರು?
ಬೇರಿಗೆ ಸಿಕ್ಕಿಸಿದೆ, ಜಾರಿತು. ಕಲ್ಲಿಟ್ಟೆ, ಜಾರಿತು.
ಬೆಂಚಿನಲ್ಲಿ ಕೂತಿದ್ದ ಹೆಂಗಸು, ಮಡಿಲಲ್ಲಿ ಯಾರದೋ ಗಂಡಸಿನ ಬೂಟು,
ಏನೂ ಕೇಳದೆ ಎದ್ದು ಬಂದು
ತುದಿಯನ್ನು ನೆಲಕ್ಕೊತ್ತಿ ಹಿಡಿದಳು.

ನಾನು ಹಿಂದು ಹಿಂದಕ್ಕೆ ನಡೆದೆ.
ನಕ್ಷೆಯಲ್ಲಿ ಎಂಟು ಮೀಟರ್.
ಪಟ್ಟಿಯಲ್ಲಿ ಆರೂ ನಲವತ್ತು.
ಒಂದೂ ಅರವತ್ತು ಬಾಕಿ ಅಜ್ಜ, ಹನ್ನೆರಡು ವರ್ಷವೂ ಬಾಕಿ.

ಅವಳ ಬೆನ್ನ ಹಿಂದೆ ಅಡುಗೆಮನೆಯ ಬಾಗಿಲು ತೆರೆದು
ಒಬ್ಬ ಹುಡುಗ ಮೂಟೆ ಇಳಿಸಿದ.
'ಬಿಡಲಾ?' ಎಂದು ಕೂಗಿದಳು.
ಇನ್ನೊಂದು ಗಳಿಗೆ, ಎಂದೆ.