ಕಾಲಿಗೆ ಬಂದ ಪದ್ಯ

ನನಗೆ ಪದ್ಯ ಬಾಯಿಗೆ ಬಂದದ್ದು ಕಾಲಿನಿಂದ.
ಮೆಣಸಿನ ಕೊಯ್ಲು, ಕಣದ ತುಂಬ ಹಸಿರು ಗೊಂಚಲು.
ಅವ್ವ ನನ್ನ ಪಾದ ತೊಳೆದು ಅದರ ಮೇಲೆ ನಿಲ್ಲಿಸುವಳು:
ತುಳಿ. ತುಳಿಯುತ್ತ ಹೇಳು.
ಕಾಲು ತಪ್ಪಿದರೆ ಕಾಳು ಕಡ್ಡಿಯಲ್ಲೇ ಉಳಿಯುತ್ತಿತ್ತು.
ಪದ ತಪ್ಪಿದರೆ ಅವ್ವ
ಏನೂ ಅನ್ನದೆ ಮೊದಲಿಂದ ಶುರುಮಾಡುವಳು.

      ಬಸವನ ಹುಳವೇ, ಮನೆ ಹೊತ್ತವನೇ,
      ಯಾರಿಗೆ ಕೊಟ್ಟೆಯೊ ಬೀಗದ ಕೈ?
      ಮಳೆ ಬಂದರೆ ನೀ ಒಳಗಡೆ ಕೂತರೆ
      ಬಾಗಿಲ ತಟ್ಟಲು ಯಾರದು ಕೈ?

ಯಾರು ಕಟ್ಟಿದರೋ. ಅವ್ವನೇ ಇರಬೇಕು.
ಕೇಳಿದರೆ ಮೊರ ಕೈಗಿಟ್ಟು
ಹೊಟ್ಟು ತೂರು ಅಂದಳು.

ಈಗ ಅಮ್ಮತ್ತಿಯಾಚೆ, ತೋಟದಂಚಿಗೆ, ಎರಡು ಕೋಣೆಯ ಶಾಲೆ.
ಆನೆ ಇಳಿದ ದಿನ ಗಂಟೆ ಹನ್ನೊಂದಕ್ಕೆ.
ಹತ್ತೊಂಬತ್ತು ಮಕ್ಕಳು, ಆರು ಮನೆಮಾತು.
ರಫೀಕುಲನ ಬಾಯಲ್ಲಿ ಹುಳ ‘ಬೊಸೊವೊನ’.
ಸುಡಲೈ ಬೀಗದ ಕೈ ಬಂದಾಗಲೆಲ್ಲ
ಚಡ್ಡಿಯ ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ.
ನಜೀರಾ ‘ತಟ್ಟಲು’ ಅನ್ನುವುದೇ ಇಲ್ಲ,
ಮುಂದೆ ಕೂತವನ ಬೆನ್ನಿಗೆ ತಟ್ಟುತ್ತಾಳೆ.

ಒಮ್ಮೆ ಓದುತ್ತೇನೆ. ಪುಸ್ತಕ ಮುಚ್ಚುತ್ತೇನೆ.
ಈಗ ನೀನು ಹೇಳು.
ಕಥೆಯಾಗಲಿ ಪದ್ಯವಾಗಲಿ ಇಷ್ಟೇ ನನ್ನ ಪಾಠ.
ಕೊನೆಗೆ ನೀತಿ ಕೇಳುವುದಿಲ್ಲ,
ಬಿಟ್ಟ ಸ್ಥಳ ತುಂಬಿಸುವುದಿಲ್ಲ.
ತಡವರಿಸಿದವರಿಗೆ ಒಂದೇ ಮಾತು: ಇನ್ನೊಮ್ಮೆ.

ಚೋಮಿ ಹೇಳಲಿಲ್ಲ.
ಜೂನ್ ಕಳೆಯಿತು, ಕೈಲ್‌ಪೊಳ್ದು ಕಳೆಯಿತು,
ಹುತ್ತರಿಯ ರಜೆ ಮುಗಿಸಿ ಬಂದಳು, ಹೇಳಲಿಲ್ಲ.
ಈ ಮಗುವಿಗೆ ಮಾತು ಬರುತ್ತದಾ ಎಂದು
ತಪಾಸಣೆಗೆ ಬಂದವರು ನನ್ನನ್ನೇ ಕೇಳಿದರು, ಅವಳ ಎದುರಿಗೇ.
ಅವರು ಹೋದ ಮೇಲೆ ನಾನೂ ಬರೆದುಬಿಟ್ಟೆ
ಮೌಖಿಕದ ಕಲಮಿನಲ್ಲಿ ಒಂದು ಸಣ್ಣ ಗೀಟು.

ಒಂದು ದಿನ ಸೀಮೆಸುಣ್ಣ ಉರುಳಿ ಬಗ್ಗಿದಾಗ
ಬೆಂಚಿನ ಕೆಳಗೆ ಕಂಡದ್ದು ಒಂದು ಹೆಬ್ಬೆರಳು,
ನಾಲ್ಕು ನಾಲ್ಕಾಗಿ ನೆಲ ಕುಟ್ಟುತ್ತ,
‘ಕೈ’ ಎಂಬಲ್ಲಿ ಸರಿಯಾಗಿ ನಿಂತು, ಉಸಿರು ತಗೊಂಡು,
ಮತ್ತೆ.
ಗೀಟನ್ನು ಅಳಿಸಲು ಹೋದೆ. ಕಾಗದ ಹರಿಯಿತು.

ಫೆಬ್ರವರಿಯಲ್ಲಿ ಮೂರು ದಿನ ಅವಳ ಜಾಗ ಖಾಲಿ.
ನಾಲ್ಕನೆಯ ಸಂಜೆ ಲೈನ್ ಮನೆಗಳ ಕಡೆ ನಡೆದೆ.
ಬಾಗಿಲಿಗೆ ಗೋಣಿಯ ಪರದೆ, ಅಂಗಳದಲ್ಲಿ ಟಾರ್ಪಾಲು,
ಟಾರ್ಪಾಲಿನ ಮೇಲೆ ತಾಯಿ, ತಮ್ಮ, ಚೋಮಿ,
ಆರು ಪಾದಗಳ ಕೆಳಗೆ ಮೆಣಸು.
ಅವಳು ಹೇಳುತ್ತಿದ್ದಳು.
ಗಟ್ಟಿಯಾಗಿ, ಯರವ ಮಾತಿನಲ್ಲಿ,
ನನ್ನ ಅವ್ವನ ಕಾಲಿನ ಲೆಕ್ಕದಲ್ಲಿ.

ನಾನು ಸಿಲ್ವರ್ ಮರದ ಹಿಂದೆ ನಿಂತೆ, ಕಳ್ಳಿಯ ಹಾಗೆ.
ಒಂದು ಪದವೂ ತಿಳಿಯಲಿಲ್ಲ. ಎಲ್ಲಿ ನಿಲ್ಲುತ್ತಾಳೆಂದು ಮಾತ್ರ
ಪ್ರತಿ ಸಲವೂ ಮೊದಲೇ ಗೊತ್ತಾಗುತ್ತಿತ್ತು.

ತಮ್ಮ ಕಂಡುಹಿಡಿದ. ಅವನೇ ಕನ್ನಡ ಮಾಡಿದ:
ಅಕ್ಕನ ಹುಳಕ್ಕೆ ಬೀಗ ಇಲ್ಲ ಟೀಚರ್.
ಬಾಗಿಲೂ ಇಲ್ಲ.
ಬಂದವರು ಕೂಗ್ತಾರೆ, ಅದು ಕೊಂಬು ಹೊರಗೆ ಹಾಕ್ತದೆ.

ಇಷ್ಟು ವರ್ಷ ಬಾಗಿಲು ತಟ್ಟುತ್ತಲೇ ಇದ್ದೆ,
ಹುಳದ ಮನೆಗೆ ಬಾಗಿಲು ಎಲ್ಲಿದೆ ಎಂದು
ನನಗಾಗಲಿ ಅವ್ವನಿಗಾಗಲಿ ಹೊಳೆದಿರಲಿಲ್ಲ.

ಚಪ್ಪಲಿ ಬಿಟ್ಟೆ. ತಾಯಿ ನಾಚುತ್ತಲೇ ಚೆಂಬಿನಲ್ಲಿ ನೀರು ತಂದಳು.
ಕಾಲು ತೊಳೆದು ಗೊಂಚಲ ಮೇಲೆ ನಿಂತೆ.
ಚೋಮಿ ತನ್ನ ಪದ್ಯವನ್ನು ಒಮ್ಮೆ ಹೇಳಿದಳು,
ಒಮ್ಮೆ ಮಾತ್ರ, ನನ್ನ ಹಾಗೆ,
ಆಮೇಲೆ ಗದ್ದ ಎತ್ತಿ ನನ್ನನ್ನು ನೋಡಿದಳು.

ಮೊದಲ ಸಾಲು ಹೇಗೋ ದಾಟಿದೆ. ಎರಡನೆಯದರ ನಡುವೆ
ನಾಲಿಗೆ ಜಾರಿತು. ಕಾಲು ಮಾತ್ರ ನಡೆಯುತ್ತಿತ್ತು.
ತಮ್ಮ ನಕ್ಕ. ತಾಯಿ ಅವನ ತೊಡೆಗೆ ಚಿವುಟಿದಳು.

ಇನ್ನೊಮ್ಮೆ, ಅಂದಳು ಚೋಮಿ.
ಕನ್ನಡದಲ್ಲಿ.

ಕತ್ತಲಾಗುವ ಮೊದಲು ರಸ್ತೆ ಸೇರಬೇಕಿತ್ತು, ಆನೆಗಳ ಸಮಯ.
ಮತ್ತೂ ಎರಡು ಸಲ ತಪ್ಪಿದೆ.
ರಾತ್ರಿ ಹಾಸಿಗೆಯಲ್ಲಿ ಪಾದ ಉರಿಯುತ್ತಿತ್ತು, ಬೆರಳ ಸಂದಿಯಲ್ಲಿ
ಮೆಣಸಿನ ಘಾಟು, ಮತ್ತು ನನ್ನದಲ್ಲದ ಭಾಷೆಯ
ಒಂದೂವರೆ ಸಾಲು.